ಡಬ್ಬಿ ತಗದು ನೋಡ್ರಿ, ಹೆದರಬ್ಯಾಡ್ರಿ

ನಮ್ಮ ಕಡೆ ಮನ್ಯಾಗಿನ ಕಂಪ್ಯೂಟರ್‌ಗೆ ಒಂದು ಜಾತಕ ಇರ್ತದ. ಮೊದಲು ಮಗನ ಇಂಜಿನಿಯರಿಂಗ್ ಸಲುವಾಗಿ ಅಂತ ತಂದಿರ್ತಾರ. ಅಂವ ಬೆಂಗಳೂರಿಗೋ ಪುಣೆಕ್ಕೋ ನೌಕರಿಗೆ ಹೋಗಿ ಲ್ಯಾಪ್‌ಟಾಪ್ ತಗೋತಾನ. ಆಮ್ಯಾಲೆ ಅದು ಮನೆಯವರ ಪಾಲಿಗೆ ಬರ್ತದ, ಅವರಿಗೆ ಮೊಬೈಲ್ ಸಾಕಾಗಿರ್ತದ. ಹಿಂಗ ಧೂಳ ತಿಂದು ಮೂಲ್ಯಾಗ ಕೂತ ಮ್ಯಾಲೆ ಕಡೀಕ ನಮ್ಮ ಕೈಗೆ ಬರ್ತದ, ಬುಡ ಕಪ್ಪಾದ ಪಾತೇಲಿ ನಮ್ಮ ಪಾಲಿಗೆ ಬಂದಂಗ. ಆದ್ರ ಆ ಪಾತೇಲ್ಯಾಗ ನಾವು ದಿನಾ ಅಡಗಿ ಮಾಡ್ತೇವಿ ನೋಡ್ರಿ. ಒಬ್ಬಾಕಿ ಟ್ಯೂಶನ್ ಹೇಳ್ತಾಳ, ಒಬ್ಬಾಕಿ ಸಂಘದ ಲೆಕ್ಕ ಬರೀತಾಳ, ಒಬ್ಬಾಕಿ ಹಪ್ಪಳ ಸಂಡಿಗಿ ಆರ್ಡರ್ ತಗೋತಾಳ. ಮನ್ಯಾಗ ಆ ಕಂಪ್ಯೂಟರಿನಿಂದ ಖರೇನ ನಾಕು ರೂಪಾಯಿ ದುಡಿಯೋರು ನಾವ. ಹಂಗಿದ್ದೂ ಅದು ಬಂದ್ ಬಿದ್ರ ಮುಟ್ಟೋ ಹಕ್ಕು ನಮಗೊಬ್ಬರಿಗೆ ಬಿಟ್ಟು ಊರಿನವರಿಗೆಲ್ಲಾ ಅದ.

ಇದು ನನಗ ಒಪ್ಪಿಗಿ ಇಲ್ಲ. ಕಂಪ್ಯೂಟರಿಗೆ ಹೊಸ ಸಾಮಾನು ಹಾಕಿಸಿದ ಮ್ಯಾಲೆ ಏನರ ತಂಟೆ ಶುರುವಾದ್ರ, ಅಂಗಡಿಯಂವನ್ನ ಕರಿಯೋಕಿಂತ ಮೊದಲು ಅದರ ಬಾಗಲಾ ತಗದು ಒಮ್ಮೆ ನೋಡಬೇಕಾದಾಕಿ ಮನಿ ಹೆಣಮಗಳು. ಇದು ನನ್ನ ಅಭಿಪ್ರಾಯ, ಬೈಯೋರು ಬೈರಿ.

ಈಗ ಈ ಮಾತು ಯಾಕ ಅಂದ್ರ, 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಕಂಪನಿಯವರು ಕೊಡೋ ಮಾಮೂಲಿ ಅಪ್ಡೇಟ್ ಮುಗೀತು. ಆ ತಾರೀಕು ಹತ್ರ ಬಂದಂಗ ನಮ್ಮ ಓಣ್ಯಾಗ ಏನು ಗಡಬಡಿ ಅಂತೀರಿ! ಯಾರೋ ಅಂದ್ರು ಕಂಪ್ಯೂಟರ್ ಚಾಲೂನ ಆಗೂದಿಲ್ಲ ಅಂತ, ಯಾರೋ ಅಂದ್ರು ಗುಜರಿಗೆ ಹಾಕ್ರಿ ಅಂತ. ದಸರಾ ದೀಪಾವಳಿಗೆ ಊರಿಗೆ ಬಂದ ಮಕ್ಕಳು ಬ್ಯಾಗಿನ್ಯಾಗ ರ್‍ಯಾಮ್ ಒಂದು, ಎಸ್‌ಎಸ್‌ಡಿ ಒಂದು ಇಟಗೊಂಡ ಬಂದ್ರು. ನಾವು ಉಂಡಿ ಕಟ್ಟಿದ್ವಿ, ಅವರು ಪಡಸಾಲಿಯೊಳಗ ಡಬ್ಬಿ ಬಿಚ್ಚಿದ್ರು.

ಅವರು ಮಾಡಿದ್ದು ತಪ್ಪಲ್ಲ. ಹಳೇ ತಿರುಗೋ ಹಾರ್ಡ್ ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಿದ್ರ ಹಳೇ ಕಂಪ್ಯೂಟರಿಗೆ ಮತ್ತ ವಯಸ್ಸು ಬರ್ತದ. ಮೊದಲು ಗುಂಡಿ ಒತ್ತಿ ಚಾ ಕುದಿಸಿ ಸೋಸಿ ಕುಡದು ಬಂದ್ರೂ ಚಕ್ರ ತಿರಗತಿತ್ತು, ಈಗ ಚಾದ ನೀರಿಡೂದ್ರಾಗ ತಯಾರ. ಆದ್ರ ಒಂದು ಮಾತು ತಿಳಕೋರಿ. ವಿಂಡೋಸ್ 11 ಬೇಕಂದ್ರ ಟಿಪಿಎಮ್ 2.0 ಅನ್ನೋ ಸುರಕ್ಷಾ ಚಿಪ್ ಬೇಕು, ಇಂಟೆಲ್ ಇದ್ರ ಹೆಚ್ಚು ಕಡಿಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಇಲ್ಲಾ ಅದರ ಮುಂದಿನದು ಬೇಕು. ರ್‍ಯಾಮ್ ಹೆಚ್ಚ ಮಾಡಿದ್ರ, ಎಸ್‌ಎಸ್‌ಡಿ ಹಾಕಿದ್ರ ಹಳೇ ಕಂಪ್ಯೂಟರಿಗೆ ಆ ಅರ್ಹತಾ ಬರೂದಿಲ್ಲ. ಅಜ್ಜಿಗೆ ಹೊಸಾ ಚಷ್ಮಾ ಹಾಕಿದ್ರ ಕಣ್ಣು ಕಾಣಸ್ತದ, ವಯಸ್ಸು ಇಳಿಯೂದಿಲ್ಲ. ಹೊಸ ಡಿಸ್ಕ್ ಹಾಕ್ಸಿದ್ರ ವಿಂಡೋಸ್ 11 ತಾನ ಬರ್ತದ ಅಂತ ಹೇಳಿ ರೊಕ್ಕ ತಗೊಂಡೋರು ನಮ್ಮೂರಾಗೂ ಇದ್ದಾರ, ನಂಬಬ್ಯಾಡ್ರಿ. ವಿಂಡೋಸ್ 10 ಇಟಗೊಂಡೋರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ ಸುರಕ್ಷಾ ಅಪ್ಡೇಟ್ ತಗೊಳ್ಳೋ ದಾರಿ ಅಪ್ಡೇಟ್ ಪುಟದಾಗ ಇಟ್ಟಾರ. ಇರಲಿ, ಅದರದ ಒಂದು ದೊಡ್ಡ ಕಥಿ.

ತಂಟೆ ಬರೂದು ಹುಡುಗರು ತಿರಗಿ ಹೋದ ಮ್ಯಾಲೆ. ಅವರು ಇದ್ದಷ್ಟು ದಿನ ಕಂಪ್ಯೂಟರ್ ಹೊಸಾ ಸೊಸಿ ಹಂಗ ಮಾತು ಕೇಳ್ತದ. ಅವರು ರೈಲ್ವೆ ಹತ್ತಿದ್ರೋ ಇಲ್ಲೋ, ಅದು ಮಕ ತಿರುವಿ ಕೂಡ್ತದ.

ಆಗ ನಾವೇನು ಮಾಡ್ತೇವಿ? ಎದಿ ಧಸಕ್ ಅಂತದ. ಮಿಕ್ಸರ್ ತಿರಗಲಿಲ್ಲ ಅಂದ್ರ ಮಾತ್ರ ಧಸಕ್ ಅನ್ನೂದಿಲ್ಲ ನೋಡ್ರಿ. ಪ್ಲಗ್ ನೋಡ್ತೇವಿ, ಇನ್ನೊಂದು ಪಾಯಿಂಟಿಗೆ ಹಚ್ಚಿ ನೋಡ್ತೇವಿ, ಜಾರ್ ತಗದು ಮತ್ತ ಕೂಡಸ್ತೇವಿ, ಬುಡದಾಗಿನ ಕೆಂಪು ಗುಂಡಿ ಒತ್ತತೇವಿ. ಇಷ್ಟೆಲ್ಲಾ ಆದ ಮ್ಯಾಲೆ ರಿಪೇರಿ ಅಂಗಡಿ. ಇದನ್ನ ನಮಗ ಯಾವ ಕಾಲೇಜಿನ್ಯಾಗೂ ಕಲಿಸಿಲ್ಲ.

ರೊಟ್ಟಿ ನೋಡ್ರಿ ಬೇಕಾರ. ಬಡಿಯೂವಾಗ ಅಂಚು ಸೀಳಲಿಕ್ಕೆ ಹತ್ತಿತು ಅಂದ್ರ ನಮ್ಮ ಅವ್ವ ಏನ ಮಾಡ್ತಿದ್ಲು? ಎಸರು, ಹಿಟ್ಟು, ಹಂಚು ಎಲ್ಲಾ ಒಮ್ಮೆಲೆ ಬದಲಾಯಿಸ್ತಿದ್ದಿಲ್ಲ. ಮೊದಲು ಎಸರು ಒಂಚೂರು ಹೆಚ್ಚ ಕಾಸಿ ನಾದಿ ಒಂದು ರೊಟ್ಟಿ ಬಡೀತಿದ್ಲು. ಆದ್ರೂ ಸೀಳಿತು ಅಂದ್ರ ಹಿಟ್ಟು ಹಳೇದಾಗಿ ಜಿಗಿ ಹೋಗ್ಯದ, ಗಿರಣಿಂದ ಹೊಸಾ ಹಿಟ್ಟು ತರಸ್ರಿ ಅಂತಿದ್ಲು. ಒಂದ ಒಂದು ಬದಲಾಯಿಸು, ನೋಡು, ಮತ್ತ ಒಂದು ಬದಲಾಯಿಸು. ಕಂಪ್ಯೂಟರ್ ರಿಪೇರಿ ಅಂದ್ರ ಇಷ್ಟ. ಹಾರ್ಡ್‌ವೇರ್ ಕೋರ್ಸ್ ಮಾಡಿದ ಹುಡುಗರಿಗೂ ಇದನ್ನ ಹೇಳಿ ಕೊಡ್ತಾರ, ನಮಗ ಒಲಿ ಮುಂದ ಬಂದದ. ಎಷ್ಟೋ ಅಂಗಡಿಯವರಿಗೆ ಈ ತಾಳ್ಮಿ ಇರೂದಿಲ್ಲ, ರ್‍ಯಾಮ್, ಡಿಸ್ಕ್, ವಿಂಡೋಸ್ ಮೂರೂ ಒಂದ ಸಲ ಬದಲಾಯಿಸಿ ಕಂಪ್ಯೂಟರ್ ಚಾಲೂ ಆತು ಅಂತಾರ. ಯಾವುದರಿಂದ ಆತು ಅಂತ ಕೇಳಿದ್ರ ನಮ್ಮ ಮಕಾ ನೋಡ್ತಾರ.

ನಮ್ಮ ವೈನಿದು ಹೇಳ್ತೀನಿ, ಯಾಕಂದ್ರ ಅದು ನಿಮ್ಮನ್ಯಾಗೂ ಆಗೋವಂಥದ್ದು. ವೈನಿ ಮನ್ಯಾಗ ಜಂಪರ್ ಹೊಲೀತಾರ, ಸೀರಿಗೆ ಫಾಲ್ ಹಚ್ಚತಾರ, ಕುಚ್ಚು ಕಟ್ಟತಾರ. ಎಲ್ಲಾರ ಅಳತಿ, ಯಾರದು ಮುಂಗಡ ಬಂದದ, ಯಾರದು ಬಾಕಿ, ಎಲ್ಲಾ ಕಂಪ್ಯೂಟರ್‌ನ್ಯಾಗ. 2017ರ ಕಂಪ್ಯೂಟರ್ ಅದು. ದಸರಾಕ್ಕ ಅವರ ಮಗ ಬಂದಾಗ ಹಳೇ ಡಿಸ್ಕಿನ್ಯಾಗ ಇದ್ದದ್ದನ್ನೆಲ್ಲಾ ಪಡಿಯಚ್ಚಿನಂಗ ಹೊಸಾ ಎಸ್‌ಎಸ್‌ಡಿಗೆ ಇಳಿಸಿ, ಹಳೇ ಡಿಸ್ಕ್ ಸುಮ್ನ ಒಳಗ ಇರಲಿ, ಆಪತ್ತಿಗಾಗ್ತದ ಅಂತ ಬಿಟ್ಟು ಹೋದ. ಎರಡು ತಿಂಗಳಾ ಛಲೋ ನಡೀತು. ತುಳಸಿ ಲಗ್ನ ಆದ ಮ್ಯಾಲೆ ಮದವಿ ಸೀಜನ್, ವೈನಿಗೆ ಕೈ ತುಂಬ ಕೆಲಸ. ಅದರ ನಡುವ ಸೋಲಾಪುರಕ್ಕ ಒಂದು ಮದವಿಗೆ ಐದು ದಿನ ಹೋದ್ರು, ಹೋಗೂವಾಗ ಮೇನ್ ಸ್ವಿಚ್ ಬಂದ್ ಮಾಡಿ ಹೋದ್ರು.

ಬಂದು ಚಾಲೂ ಮಾಡಿದ್ರ ಕಪ್ಪು ಪರದಾದ ಮ್ಯಾಲೆ ಏನೋ ಇಂಗ್ಲಿಷ್‌ನ್ಯಾಗ ಬಂತು, ಕೆಳಗ ಎಫ್1 ಒತ್ತು ಅಂತ ಇತ್ತು. ಒತ್ತಿದ್ರು. ಚಾಲೂ ಆತು, ಆದ್ರ ಮೊದಲಿನಂಗ ನಿಧಾನ. ಎಕ್ಸೆಲ್ ತಗದ್ರ ದಸರಾದ ಮುಂದಿಂದು ಒಂದೂ ಇಲ್ಲ. ಎರಡು ತಿಂಗಳದ ಅಳತಿ, ಮುಂಗಡದ ಲೆಕ್ಕ, ಎಲ್ಲಾ ಮಾಯ. ಅದಕ್ಕೂ ಹೆಚ್ಚಿಂದು, ನಮ್ಮ ಅವ್ವನ ಸಹಸ್ರಚಂದ್ರ ದರ್ಶನ ಅಕ್ಟೋಬರಿನ್ಯಾಗ ಮಾಡಿದ್ವಿ, ಅದರ ಫೋಟೋ ಎಲ್ಲಾ ಮೊಬೈಲಿನಿಂದ ಅದಕ್ಕ ಇಳಿಸಿ ಮೊಬೈಲ್ ಖಾಲಿ ಮಾಡಿದ್ರು. ಆ ಫೋಲ್ಡರೂ ಇಲ್ಲ.

ಒಬ್ಬ ರಿಪೇರಿಯಂವ ಮನಿಗೇ ಬಂದು, ಕೂತು, ಚಾ ಕುಡದು, ಡಬ್ಬಿ ಬಿಚ್ಚದನ ತೀರ್ಪು ಕೊಟ್ಟ. ಹೊಸಾ ಎಸ್‌ಎಸ್‌ಡಿ ಸುಟ್ಟದ, ಕಾಣವಲ್ತು, ಒಳಗಿಂದು ಬರೂದಿಲ್ಲ, ಬೋರ್ಡೂ ಹಳೇದು, ಎರಡೂ ಕೂಡಿ 14,000 ಆಗ್ತದ. ವೈನಿ ಅವತ್ತು ಊಟ ಮಾಡಲಿಲ್ಲ. ಮದವಿ ಮನಿಯವರಿಗೆ ಫೋನ್ ಮಾಡಿ ಮತ್ತ ಅಳತಿ ಕೊಡ್ರಿ ಅಂತ ಹೆಂಗ ಕೇಳ್ಲಿ ಅಂತ ಕೂತಿದ್ರು.

ನಾನು ಸಂಜಿಮುಂದ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ಕೆಳಗ ಮೂಲ್ಯಾಗಿನ ತಾರೀಕು. ವರ್ಷಾನ ತಪ್ಪಿತ್ತು. ಬ್ರೌಸರ್ ತಗದ್ರ ಯಾವ ಪುಟಕ್ಕ ಹೋದ್ರೂ ಸುರಕ್ಷಿತ ಇಲ್ಲ ಅಂತ ತಕರಾರು. ತಾರೀಕು ಹಿಂದ ಹೋತು ಅಂದ್ರ ಬೋರ್ಡಿನ ಮ್ಯಾಲಿನ ಗುಂಡನ್ನ ಸೆಲ್ ಮುಗದದ ಅಂತ ಅರ್ಥ. ಸಿಆರ್2032 ಅಂತಾರ, ಎಂಟಾಣೆ ನಾಣ್ಯಾದಂಗ ಇರ್ತದ, ತೂಕದ ಮಶೀನಿನ್ಯಾಗೂ ಅದ ಇರ್ತದ. ಕರೆಂಟ್ ಇಲ್ಲದಾಗ ತಾರೀಕು ಮತ್ತ ಮೂಲ ಸೆಟ್ಟಿಂಗ್ ನೆನಪಿಟಗೊಳ್ಳೂದು ಆ ಸೆಲ್ಲಿನ ಕೆಲಸ. ಪ್ಲಗ್ ಹಚ್ಚಿದ್ರ ಸೆಲ್ ಸತ್ತದ್ದು ಗೊತ್ತಾಗೂದಿಲ್ಲ, ಐದು ದಿನ ಮೇನ್ ಬಂದ್ ಆತು, ಎಲ್ಲಾ ಮರತು ಬಿಟ್ಟಿತು. ಮರತದ್ದರಾಗ ಯಾವ ಡಿಸ್ಕಿನಿಂದ ಚಾಲೂ ಆಗಬೇಕು ಅನ್ನೂದೂ ಒಂದು. ಹುಡುಗ ಎಸ್‌ಎಸ್‌ಡಿ ಮೊದಲು ಅಂತ ಬರದಿಟ್ಟಿದ್ದ, ಅದು ಅಳಿಸಿ ಹಳೇ ಡಿಸ್ಕ್ ಮೊದಲಾತು. ವೈನಿ ಕಣ್ಣ ಮುಂದಿದ್ದದ್ದು ದಸರಾ ದಿನದ ಕಂಪ್ಯೂಟರ್. ಎರಡು ತಿಂಗಳದ ಕೆಲಸ ಬಾಜೂ ಖೋಲ್ಯಾಗ ಬೀಗ ಹಾಕಿದಂಗ ಆರಾಮ ಇತ್ತು.

ಹಂಗಾರ ಎಸ್‌ಎಸ್‌ಡಿ ಯಾಕ ಕಾಣಲಿಲ್ಲ ಅಂತೀರಿ? ಒಂದರ ಪಡಿಯಚ್ಚು ಇನ್ನೊಂದಾದಾಗ ಎಷ್ಟೋ ಸಲ ಎರಡಕ್ಕೂ ಒಂದ ಗುರ್ತಿನ ಸಂಖ್ಯೆ ಬಂದಿರ್ತದ. ವಿಂಡೋಸ್‌ಗೆ ಅವಳಿ ಜವಳಿ ನೋಡಿ ಗೊಂದಲ ಆಗಿ ಒಂದನ್ನ ಆಫ್‌ಲೈನ್ ಅಂತ ಬಾಜೂಕ ಇಡ್ತದ. ಅದಕ್ಕ ಫೋಲ್ಡರ್ ಹುಡುಕೋ ಜಾಗದಾಗ ಕಾಣಲಿಲ್ಲ, ಆತ ಅದನ್ನ ಸುಟ್ಟದ ಅಂದ.

ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡೂವಾಗ ಡಿಲೀಟ್ ಕೀ ಒತ್ತಿ ಒತ್ತಿ ಬಯೋಸ್ ಅನ್ನೋ ಪುಟಕ್ಕ ಹೋದೆ. ಕೆಲವು ಕಂಪ್ಯೂಟರ್‌ನ್ಯಾಗ ಅದು ಎಫ್2 ಇರ್ತದ. ಅಲ್ಲೆ ಎರಡೂ ಡಿಸ್ಕಿನ ಹೆಸರು ನೆಟ್ಟಗ ಇದ್ವು. ಸುಟ್ಟ ಡಿಸ್ಕಿನ ಹೆಸರು ಸಾಮಾನ್ಯ ಅಲ್ಲೆ ಬರೂದಿಲ್ಲ. ತಾರೀಕು ಸರಿ ಮಾಡಿ, ಎಸ್‌ಎಸ್‌ಡಿ ಮೊದಲ ಮಾಡಿ, ಎಫ್10 ಒತ್ತಿ ಉಳಿಸಿದೆ. ಚಾಲೂ ಆತು. ಅಳತಿ ಬಂದ್ವು, ಮುಂಗಡ ಬಂತು, ಅವ್ವ ಹೊಸಾ ಇಳಕಲ್ ಸೀರಿ ಉಟಗೊಂಡು ಆರತಿ ಮುಂದ ಕೂತದ್ದು ಬಂತು. ವೈನಿ ಮಾತಾಡಲಿಲ್ಲ, ಒಳಗ ಹೋಗಿ ಅವಲಕ್ಕಿ ಹಚ್ಚಿಕೊಂಡು ಬಂದ್ರು. ಮರುದಿನ ಸೆಲ್ ತಂದು ಹಾಕಿದ್ವಿ, ಐವತ್ತು ರೂಪಾಯಿ ಒಳಗ ಬಂತು. ಹಳೇ ಡಿಸ್ಕ್ ಬಿಚ್ಚಿ ಅರಿವಿಯೊಳಗ ಸುತ್ತಿ ಕಪಾಟದಾಗ ಇಟ್ಟಾರ.

14,000 ಎಲ್ಲೆ, 50 ಎಲ್ಲೆ. ಆದ್ರ ನನಗ ಸಿಟ್ಟು ಬಂದದ್ದು ರೊಕ್ಕದ ಸಲುವಾಗಿ ಅಲ್ಲ. ಬೋರ್ಡ್ ಬದಲಾಯಿಸೂ ಹೊತ್ತಿನ್ಯಾಗ ಆತ ಇದ್ದ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿ ಕೊಡ್ತಿದ್ದ. ಹಾಕಿದ್ರ ಇದ್ದದ್ದೂ ಅಳಿಸಿ ಹೋಗ್ತಿತ್ತು. ನಾವೆಲ್ಲಾ ಹಣೆಬರಹ ಅಂತ ಸುಮ್ನಾಗ್ತಿದ್ವಿ.

ಇನ್ನ ಹೆಣಮಕ್ಳು ಮುಟ್ಟೂದಿಲ್ಲ ಯಾಕ ಅನ್ನೋ ಮಾತು. ತಿಳಿಯೂದಿಲ್ಲ ಅಂತ ಹೇಳ್ತೇವಿ, ಅದು ಸುಳ್ಳ. ಹೆದರಿಕಿ ಬೈಗಳದ್ದು. ಅಣ್ಣ ಬಿಚ್ಚಿ ಕೆಡಿಸಿದ್ರ ಅದು ಹಳೇದಾಗಿತ್ತು ಬಿಡು ಅಂತಾರ. ನಾವು ಸುಮ್ನ ಹತ್ರ ನಿಂತಾಗ ಕೆಟ್ರೂ ಈಕಿ ಮುಟ್ಟಿದ್ಲು, ಕೆಡ್ತು ಅಂತಾರ. ಈ ಲೆಕ್ಕ ಮನ್ಯಾಗ ಎಲ್ಲಾ ಸಾಮಾನಿಗೂ ಅದ, ಸ್ಕೂಟಿಯಿಂದ ಹಿಡದು ನೀರಿನ ಪಂಪಿನ ತನಕ. ಕೆಡಿಸೋ ಹಕ್ಕು ಇದ್ದವರಿಗೆ ಕಲಿಯೋ ಅವಕಾಶ ಇರ್ತದ, ಅದು ಇಲ್ಲದವರು ದೂರ ನಿಂತು ನೋಡ್ತಾರ. ನಮ್ಮ ಮನೆಯವರೂ ನಿನಗ್ಯಾಕ ಈ ಉಸಾಬರಿ ಅಂತಾರ. ಉಸಾಬರಿ ಅಲ್ರಿ, ಉಪಯೋಗಿಸೋರು ನಾವು, ನಾವ ನೋಡಬೇಕು.

ಹೊಸಾ ರ್‍ಯಾಮ್ ಹಾಕಿದ ಮ್ಯಾಲೆ ಫ್ಯಾನ್ ತಿರಗತದ, ಲೈಟ್ ಹತ್ತತದ, ಪರದಾ ಮಾತ್ರ ಕಪ್ಪು. ಎಲ್ಲಾಕಿಂತ ಹೆಚ್ಚು ಕಾಣೋ ತಂಟೆ ಇದು, ಬಾಜೂ ಮನಿ ಕಾಕು ಅವರದೂ ಹಿಂಗ ಆಗಿತ್ತು. ಪ್ಲಗ್ ಕಿತ್ತು, ಚಾಲೂ ಗುಂಡಿ ಐದು ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗ ಉಳದ ಕರೆಂಟ್ ಇಳೀತದ. ಬಾಜೂ ಫಳಿ ಬಿಚ್ಚಿ ಹೊಸಾ ಪಟ್ಟಿ ತಗದು ಹಳೇದೊಂದರ ಮ್ಯಾಲೆ ಚಾಲೂ ಮಾಡಿ ನೋಡ್ರಿ. ಬಂತು ಅಂದ್ರ ಬೋರ್ಡಿಗೆ ಏನೂ ಆಗಿಲ್ಲ, ಅರ್ಧಾ ಹೆದರಿಕಿ ಹೋತು. ಆಮ್ಯಾಲೆ ಹೊಸಾದನ್ನ ಮತ್ತ ಕೂಡಸ್ರಿ, ಎರಡೂ ಬಾಜೂ ಟಕ್ ಅಂತ ಕೇಳೂ ತನಕ. ಎಷ್ಟೋ ಸಲ ಒಂದು ಬಾಜೂ ಕೂತಿರ್ತದ, ಇನ್ನೊಂದು ಬಾಜೂ ಅರ್ಧಾ ಎದ್ದಿರ್ತದ, ಕುಕ್ಕರಿನ ಮುಚ್ಚಳಾ ಸೊಟ್ಟ ಕೂತಂಗ. ಸ್ವಲ್ಪ ಜೋರ ಬೇಕು, ಆದ್ರ ಸೊಟ್ಟ ಹಿಡದು ಒತ್ತಬ್ಯಾಡ್ರಿ. ಪಟ್ಟಿಯ ಬುಡಕ ಒಂದು ಗೀರು ಇರ್ತದ, ಡಿಡಿಆರ್3ಕ್ಕ ಒಂದು ಜಾಗ, ಡಿಡಿಆರ್4ಕ್ಕ ಬ್ಯಾರೆ ಜಾಗ. ಗೀರು ಹೊಂದಲಿಲ್ಲ ಅಂದ್ರ ಆ ಪಟ್ಟಿ ನಿಮ್ಮದಲ್ಲ, ತಿರಗಿ ಕೊಟ್ಟು ಬರ್ರಿ. ಕಾಕು ಅವರದು ಕೂಡಸಿದ ಕೂಡ್ಲೆ ಚಾಲೂ ಆತು, ಅದರ ಬಗ್ಗೆ ಅವರು ಓಣಿ ತುಂಬ ಹೇಳಿದ್ದು ನಿಮಗೆಲ್ಲಾ ಗೊತ್ತ ಅದ.

ಒಳಗ ಕೈ ಹಾಕೂ ಮೊದಲು ಕೈಗಿನ ಬಂಗಾರದ ಬಳಿ ತಗದಿಡ್ರಿ, ನೈಲಾನ್ ಸೀರಿ, ಸ್ವೆಟರ್ ಬ್ಯಾಡ. ಚಳಿಗಾಲದ ಒಣ ಹವಾದಾಗ ಅರಿವಿ ಚಟಚಟ ಅಂತದಲ್ಲಾ, ಆ ಕಿಡಿ ಚಿಪ್ಪಿಗೆ ಆಗೂದಿಲ್ಲ. ಹತ್ತಿ ಸೀರಿ ಉಟ್ಟು, ಡಬ್ಬಿಯ ಕಬ್ಬಿಣಾ ಒಮ್ಮೆ ಮುಟ್ಟಿ ಕೆಲಸ ಶುರು ಮಾಡ್ರಿ.

ಹಾಕಿದ ರ್‍ಯಾಮ್ ಲೆಕ್ಕಕ್ಕ ಬರವಲ್ತು, 8 ಹಾಕ್ಸಿದ್ರೂ ಮೂರು ಚಿಲ್ರೆ ಅಂತ ತೋರಸ್ತದ ಅಂದ್ರ ನಿಮ್ಮ ವಿಂಡೋಸ್ 32 ಬಿಟ್ಟಿನದು ಇರಬೇಕು, ಅದಕ್ಕ ನಾಕರ ಮ್ಯಾಲೆ ಉಣ್ಣಲಿಕ್ಕೆ ಬರೂದಿಲ್ಲ. ಇನ್ನ 1,000 ಜಿಬಿ ಡಿಸ್ಕ್ ತಗೊಂಡ್ರ 931 ತೋರಸ್ತದ, 500ಕ್ಕ 465. ಅಂಗಡಿಯಂವ ಮೋಸ ಮಾಡ್ಯಾನ ಅಂತ ಜಗಳಕ್ಕ ಹೋಗಬ್ಯಾಡ್ರಿ. ತಯಾರು ಮಾಡೋರು ಸಾವಿರದ ಲೆಕ್ಕ ಹಿಡೀತಾರ, ವಿಂಡೋಸ್ 1,024ರ ಲೆಕ್ಕ ಹಿಡೀತದ, ಅಷ್ಟ ಫರಕು.

ಎರಡನೇ ಡಿಸ್ಕ್ ಹೊಸದಾಗಿ ಖಾಲೀದು ಹಾಕ್ಸಿದ್ರ ತಾನ ಕಾಣೂದಿಲ್ಲ. ಸ್ಟಾರ್ಟ್ ಗುಂಡಿ ಮ್ಯಾಲೆ ಬಲಗಡೆ ಕ್ಲಿಕ್ ಮಾಡಿದ್ರ ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಬರ್ತದ, ಅಲ್ಲೆ ಅದನ್ನ ತಯಾರ ಮಾಡಿಕೋಬೇಕು. ಇಲ್ಲೊಂದು ಮಾತ್ರ ಕಿವಿಗಿ ಹಾಕೋರಿ. ನಿಮ್ಮ ಸಾಮಾನು ತುಂಬಿದ ಹಳೇ ಡಿಸ್ಕ್ ಹಚ್ಚಿದಾಗ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಿದ್ರ ಬ್ಯಾಡ ಅನ್ರಿ, ಇನಿಶಿಯಲೈಜ್ ಮಾಡ್ಲೇನು ಅಂದ್ರೂ ಬ್ಯಾಡ ಅನ್ರಿ. ಕಂಪ್ಯೂಟರ್ ಭಾಳ ನಯವಾಗಿ ಕೇಳ್ತದ, ಹೌದು ಅಂದ್ರ ಮುಗೀತು.

ಡಿಸ್ಕ್ ನಡುವ ನಡುವ ಮಾಯ ಆಗ್ತದ ಅಂದ್ರ ಮೊದಲು ವೈರ್ ನೋಡ್ರಿ, ಡಿಸ್ಕ್ ಅಲ್ಲ. ಸಾಟಾ ವೈರ್ ಅಂತ ಒಂದು ತೆಳ್ಳನ್ನ ಚಪ್ಪಟ ವೈರ್ ಇರ್ತದ, ಹಳೇದಾದ್ರ ಸಡಲಾಗ್ತದ, ಕಸಾ ಹೊಡೂವಾಗ ಡಬ್ಬಿ ಸರಿಸಿದ್ರ ಸಾಕು. ಬದಲಾಯಿಸಿ ನೋಡಲಿಕ್ಕೆ ಭಾಳ ರೊಕ್ಕ ಬೀಳೂದಿಲ್ಲ. ಗ್ರಾಫಿಕ್ ಕಾರ್ಡ್ ಹಾಕ್ಸಿದ ಮನ್ಯಾಗ ಪರದಾ ಕಪ್ಪು ಅಂದ್ರ ಟಿವಿ ವೈರ್ ಹಳೇ ಜಾಗಕ್ಕ ಚುಚ್ಚಿರ್ತಾರ, ಹೊಸಾ ಕಾರ್ಡಿನ ಬೆನ್ನಿಗೆ ಚುಚ್ಚಬೇಕು. ಇಷ್ಟಕ್ಕ ಮುನ್ನೂರು ರೂಪಾಯಿ ಭೇಟಿ ಫೀ ಕೊಟ್ಟವರು ನಮ್ಮ ಬಳಗದಾಗ ಇದ್ದಾರ, ಹೆಸರು ಹೇಳೂದಿಲ್ಲ.

ಈಗ ಮಕ್ಕಳಿಗೆ ನಾಕು ಮಾತು ಹೇಳಬೇಕು, ನಿಮ್ಮ ಮಕ್ಕಳಿಗೆ ನೀವು ಓದಿ ಹೇಳ್ರಿ. ನಿಮಗ ಹಾಕಲಿಕ್ಕೆ ಬರ್ತದ, ಹೇಳಲಿಕ್ಕೆ ಬರೂದಿಲ್ಲ. ಆಯಿಗೆ ತಿಳಿಯೂದಿಲ್ಲ ಅಂತ ಅರ್ಧಾ ತಾಸಿನ್ಯಾಗ ಮುಗಿಸಿ ಎದ್ದು ಹೋಗ್ತೀರಿ. ನಾವು ಗ್ಯಾಸಿನ ಕೇಸರಿ ಪೈಪಿನ ಮ್ಯಾಲೆ ತಾರೀಕು ನೋಡಿ ಐದು ವರ್ಷಕ್ಕ ಬದಲಾಯಿಸೋ ಮಂದಿ, ನಮಗ ತಾರೀಕು ತಿಳೀತದ. ಏನು ಹಾಕಿದ್ರಿ, ಏನು ತಗದ್ರಿ, ಯಾವ ದಿನ, ಬಯೋಸಿನ್ಯಾಗ ಏನು ಬದಲಾಯಿಸಿದ್ರಿ, ಅಂತ ಕನ್ನಡದಾಗ ಒಂದು ಚೀಟಿ ಬರದು ಡಬ್ಬಿಯ ಹೊರಗಿನ ಬಾಜೂಕ ಅಂಟಸ್ರಿ. ವೈನಿ ಮನಿ ಡಬ್ಬಿ ಮ್ಯಾಲೆ ಎಸ್‌ಎಸ್‌ಡಿ ಮೊದಲು ಅಂತ ಎರಡು ಶಬ್ದ ಇದ್ರ ಆ ದಿನದ ಉಪವಾಸ ತಪ್ತಿತ್ತು. ಮತ್ತ ತಗದ ಹಳೇ ಸಾಮಾನು ನಿಮ್ಮ ಬ್ಯಾಗಿನ್ಯಾಗ ಒಯ್ಯಬ್ಯಾಡ್ರಿ, ಒಂದು ತಿಂಗಳಾ ಮನ್ಯಾಗ ಇರಲಿ. ಹೊಸಾದು ಕೆಟ್ರ ಹಳೇದು ಹಾಕಿ ನೋಡಲಿಕ್ಕೆ ಏನರ ಬೇಕಲ್ಲ. ಹೊಸಾ ಸಾಮಾನಿನ ಬಿಲ್ಲು, ವಾರಂಟಿ ಚೀಟಿ ರೇಶನ್ ಕಾರ್ಡಿನ ಡಬ್ಬಿಯೊಳಗ ಇರಲಿ, ನಿಮ್ಮ ಮೊಬೈಲಿನ ಫೋಟೋದಾಗ ಅಲ್ಲ.

ಇನ್ನೊಂದು ಚೀಟಿ ಇದಕ್ಕಿಂತಾ ದೊಡ್ಡದು. ಈಗ ಹೊಸಾ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗ ಹೋದ್ರ, ಡಿಸ್ಕಿಗೆ ತಾನ ಬೀಗಾ ಬಿದ್ದಿರ್ತದ ಭಾಳ ಕಡೆ. ದಿನಾ ಗೊತ್ತಾಗೂದಿಲ್ಲ. ಬೋರ್ಡ್ ಬದಲಾಯಿಸಿದಾಗ, ಬಯೋಸ್ ಅಪ್ಡೇಟ್ ಮಾಡಿದಾಗ ಒಮ್ಮೆಲೆ ನೀಲಿ ಪರದಾ ಬಂದು 48 ಅಂಕಿಯ ಕೀ ಕೇಳ್ತದ. ಬಿಟ್‌ಲಾಕರ್ ಅಂತಾರ ಅದಕ್ಕ. ಆ ಅಂಕಿ ಸಾಮಾನ್ಯ ಆ ಖಾತೆಯೊಳಗ ಇರ್ತದ, ಆದ್ರ ಖಾತೆ ಯಾರದು? ಮಗಂದು. ಇಲ್ಲಾ ಅಂಗಡಿ ಹುಡುಗ ಆ ಹೊತ್ತಿಗೆ ತನ್ನ ಈಮೇಲ್ ಹಾಕಿ ಮುಗಿಸಿರ್ತಾನ. ನಿಮ್ಮ ತಿಜೋರಿ ಕೀಲಿ ಅವನ ಕಿಸೆದಾಗ. ಆ ಕೀ ಇಲ್ಲ ಅಂದ್ರ ಡಿಸ್ಕಿನ್ಯಾಗ ಇದ್ದದ್ದು ಹೋತು ಅಂತನ ಲೆಕ್ಕ, ಅಳತಿ, ಫೋಟೋ, ಲೆಕ್ಕ ಎಲ್ಲಾ. ಅದಕ್ಕ ಸಾಮಾನು ಬದಲಾಯಿಸೋ ಮೊದಲ ಆ 48 ಅಂಕಿ ತಗದು, ಕಾಗದದ ಮ್ಯಾಲೆ ಬರದು, ಬಂಗಾರದ ಬಿಲ್ ಇಡೂ ಜಾಗದಾಗ ಇಡ್ರಿ. ಖಾತೆ ನಿಮ್ಮ ಹೆಸರಿಂದ ಇರಲಿ, ಪಾಸ್‌ವರ್ಡ್ ನಿಮಗ ಬಾಯಿಪಾಠ ಇರಲಿ. ಮನಿ ಕಾಗದಪತ್ರದಾಗ ನಮ್ಮ ಹೆಸರು ಇರಬೇಕು ಅಂತ ಗುದ್ದಾಡ್ತೇವಲ್ಲ, ಇದೂ ಅಂಥಾದ್ದ.

ಅಂಗಡಿಯವರೆಲ್ಲಾ ಕೆಟ್ಟವರು ಅಂತ ನಾನು ಹೇಳವಲ್ಲೆ. ಧೂಳ ಜಾಡಿಸಿ, ಒಂದು ವೈರ್ ನೆಟ್ಟಗ ಮಾಡಿ, ರೊಕ್ಕ ಬ್ಯಾಡ್ರಿ ಅಕ್ಕಾರ ಅಂದವರನ್ನೂ ನೋಡೇನಿ. ಹೋಗಬೇಕಾದಾಗ ಹೋಗಬೇಕು. ಸುಟ್ಟ ವಾಸನಿ ಬಂದ್ರ, ಬೋರ್ಡಿನ ಮ್ಯಾಲಿನ ಸಣ್ಣ ಡಬ್ಬಿಗಳ ತಲಿ ಉಬ್ಬಿದ್ರ, ಡಿಸ್ಕಿನೊಳಗ ಕಟಕಟ ಸಪ್ಪಳ ಬಂದ್ರ ನೀವೇನೂ ಮಾಡಬ್ಯಾಡ್ರಿ. ಕರೆಂಟ್ ವೈರ್ ಚುಚ್ಚೋ ಆ ಕಬ್ಬಿಣದ ಪೆಟ್ಟಿಗಿ, ಎಸ್‌ಎಂಪಿಎಸ್ ಅಂತಾರಲ್ಲ, ಅದರ ಸ್ಕ್ರೂ ಎಂದೂ ಬಿಚ್ಚಬ್ಯಾಡ್ರಿ, ಪ್ಲಗ್ ಕಿತ್ತ ಮ್ಯಾಲೂ ಅದರೊಳಗ ಹೊಡಿಯೋವಷ್ಟು ಕರೆಂಟ್ ಉಳಿದಿರ್ತದ. ಆದ್ರ ಹೋದಾಗ ಹೆಂಗ ಮಾತಾಡಬೇಕು ಅನ್ನೂದು ಬ್ಯಾರೆ. ಕೆಟ್ಟದ, ನೋಡ್ರಿ ಅಂದ್ರ ಅವರಿಗೆ ಬೇಕಾದ್ದು ಹೇಳ್ತಾರ. ಹೊಸಾ ರ್‍ಯಾಮ್ ತಗದು ನೋಡೇನಿ, ಸೆಲ್ ಹೊಸಾದು ಹಾಕೇನಿ, ಬಯೋಸಿನ್ಯಾಗ ಡಿಸ್ಕ್ ಕಾಣಸ್ತದ, ವಿಂಡೋಸ್ ಮಾತ್ರ ಬರವಲ್ತು ಅಂತ ಹೇಳ್ರಿ, ಆಗ ಕುರ್ಚಿ ಕೊಡ್ತಾರ. ತಗದ ಸಾಮಾನು ತಿರಗಿ ಕೊಡ್ರಿ ಅಂತ ಮೊದಲ ಹೇಳಿಡ್ರಿ. ನನ್ನ ಕೇಳಲಾರದ ಫಾರ್ಮ್ಯಾಟ್ ಮಾಡಬ್ಯಾಡ್ರಿ ಅಂತ ಬಿಲ್ಲಿನ ಮ್ಯಾಲೆ ಬರಸ್ರಿ.

ಹೊತ್ತು ಎಲ್ಲೆ ಅದ ಅಂತ ಕೇಳ್ತೀರಿ, ಗೊತ್ತದ. ಡಬ್ಬಿ ಅಂಗಡಿಗೆ ಕೊಟ್ಟು ಎಂಟು ದಿನ ದಾರಿ ಕಾಯೋ ಹೊತ್ತು ಇರ್ತದಲ್ಲ, ಅದರಾಗಿನ ಒಂದು ತಾಸು. ಮಕ್ಕಳ ಪರೀಕ್ಷಾ ಮುಗದ ಮ್ಯಾಲೆ, ಮಧ್ಯಾಹ್ನದ ಊಟಾ ಆಗಿ ಎಲ್ಲಾರೂ ಅಡ್ಡಾದಾಗ ಮಾಡ್ರಿ, ಆಗ ಹಿಂದ ನಿಂತು ಸಲಹಾ ಕೊಡೋರು ಇರೂದಿಲ್ಲ. ಬಿಚ್ಚೂ ಮೊದಲು ಮೊಬೈಲಿನ್ಯಾಗ ಒಂದು ಫೋಟೋ ತಗೀರಿ, ಯಾವ ವೈರ್ ಎಲ್ಲಿತ್ತು ಅನ್ನೂದು ಅದ ಹೇಳ್ತದ. ಸ್ಕ್ರೂ ಒಂದು ಬಟ್ಟಲದಾಗ ಹಾಕ್ರಿ, ಉಪ್ಪಿನಕಾಯಿ ಬಟ್ಟಲ ಬ್ಯಾಡ.

ಉದ್ದನ್ನ ನಕ್ಷತ್ರ ಮುಖದ ಸ್ಕ್ರೂ ಡ್ರೈವರ್ ನಮ್ಮನ್ಯಾಗ ಅದ, ಬೇಕಾದವರು ಒಯ್ರಿ. ಹೋದ ಸಲ ಒಯ್ದವರು ಇನ್ನೂ ತಿರಗಿ ಕೊಟ್ಟಿಲ್ಲ, ಯಾರಂತ ನಿಮಗ ಗೊತ್ತದ.